ಭಾವನವರ ಎರಡು ಮಂಡಿ, ನನ್ನ ಒಂದು ಸಹಿ

ಮನುಷ್ಯನ ಮಾನವಿರುವುದು ಅವನ ನಡತೆಯಲ್ಲಿ. ಮೂವತ್ತು ವರ್ಷ ಮೇಷ್ಟ್ರಾಗಿ ಹೀಗೆಂದು ಪಾಠ ಹೇಳಿದೆ. ಆಮೇಲೆ ತಿಳಿಯಿತು, ಅದು ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿದೆ, ಎ.ಸಿ. ಉಂಟು, ಬಾಡಿಗೆ ಬೇರೆ.

ಇವತ್ತು ಬೆಳಿಗ್ಗೆ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಗಾಡಿಯವನೊಬ್ಬ ಮೂಸಂಬಿ ಸುಲಿಯುತ್ತಿದ್ದ. ಆ ವಾಸನೆಗೆ ನಿಮಗಾದರೆ ಬಾಯಲ್ಲಿ ನೀರೂರುತ್ತದೆ. ನನಗೆ ಭಾವನವರ ಮಂಡಿ ನೆನಪಾಗುತ್ತದೆ.

ಭಾವ, ಅಂದರೆ ನಮ್ಮ ಅಕ್ಕನ ಗಂಡ, ಸರ್ಕಾರಿ ನೀರಗಂಟಿಯಾಗಿದ್ದವರು. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ಕಾಲುವೆ ಏರಿಯ ಮೇಲೆ ಜೀವಮಾನವಿಡೀ ನಡೆದು ನಡೆದು ಎರಡೂ ಮಂಡಿ ಸವೆಸಿಕೊಂಡಿದ್ದರು. ನಿವೃತ್ತರಿಗೆ ಸರ್ಕಾರ ಕೊಟ್ಟ ಆರೋಗ್ಯ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿ, ಮನೆದೇವರ ಪಟದ ಹಿಂದೆ ಇಟ್ಟಿದ್ದರು. ಎರಡೂ ಮಂಡಿಯ ಆಪರೇಷನ್ನಿಗೆ ಸೇರಿ ಒಂದೇ ಅನುಮತಿ ಪತ್ರ ಬಂತು. ಮೊದಲು ಬಲಗಾಲು, ನಾಲ್ಕು ದಿನ ಬಿಟ್ಟು ಎಡಗಾಲು. ಖರ್ಚು ಒಂದು ಪೈಸೆ ಇಲ್ಲ. ಮತ್ತೆ ಏರಿಯ ಮೇಲೆ ನೆಟ್ಟಗೆ ನಡೆಯಬೇಕು, ಅವರ ಆಸೆ ಇಷ್ಟೆ.

ಬಲಗಾಲಿನದು ಚೆನ್ನಾಗಿಯೇ ಆಯಿತು. ಮಾರನೆಯ ದಿನ ಅಕ್ಕ ನನ್ನನ್ನು ಮೂಲೆಗೆ ಕರೆದಳು.

"ನಾಳೀಕೆ ನಿಡಘಟ್ಟದ ಬೀಗ್ರು ನೋಡಕ್ ಬತ್ತಾವ್ರೆ ಕಣಪ್ಪ. ಎಂಟ್ ಜನ ಮಲ್ಗಿರೋ ವಾರ್ಡ್ನಲ್ಲಿ ಅವ್ರನ್ನ ಎಲ್ಲಿ ಕೂರ್ಸಾನೆ? ಮರ್ವಾದೆ ಓಯ್ತದೆ. ಒಂದು ಸ್ಪೆಸಲ್ ರೂಮ್ ಕೇಳು."

ಭಾವ ಮಂಚದಿಂದಲೇ ಕೂಗಿದರು: "ಬ್ಯಾಡ ಬುಡಮ್ಮಿ! ಪಕ್ಕದ ಮಂಚದೋನು ಬೆಲ್ಲದ ರೇಟು ಯೋಳ್ತಾವ್ನೆ, ಒತ್ತು ಓಯ್ತದೆ."

ಒಂದೆರಡು ದಿನದ ಬಾಡಿಗೆ ತಾನೆ, ನಾನೇ ಕೊಟ್ಟರಾಯಿತು ಎಂದು ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಒಂದು ಫಾರಂ ಕೊಟ್ಟಳು. ವಿದ್ಯಾವಂತನಲ್ಲವೆ? ಜೇಬಿನಿಂದ ಪೆನ್ನು ತೆಗೆದು, ಅದರಲ್ಲಿದ್ದ ಎರಡು ಕಾಗುಣಿತದ ತಪ್ಪನ್ನು ತಿದ್ದಿ, ಗಂಭೀರವಾಗಿ ಸಹಿ ಹಾಕಿದೆ. ಏನು ಬರೆದಿದೆ ಎಂದು ಮಾತ್ರ ನೋಡಲಿಲ್ಲ.

ಭಾವನವರನ್ನು ಎರಡನೇ ಮಹಡಿಯ ಎ.ಸಿ. ರೂಮಿಗೆ ಸಾಗಿಸಿದರು. ಬೀಗರು ಒಂದು ಚೀಲ ಮೂಸಂಬಿ ಹೊತ್ತು ಬಂದರು. ಹತ್ತು ನಿಮಿಷ ಕೂತು, "ಅಬ್ಬಾ, ಏನ್ ಥಂಡಿ ಬೀಗ್ರೆ!" ಎಂದು ಎದ್ದರು. ಅವರ ಅಣ್ಣನೂ ಕೆಳಗಡೆ ಜನರಲ್ ವಾರ್ಡಿನಲ್ಲೇ ಮಲಗಿದ್ದನಂತೆ. ಅಲ್ಲಿಗೆ ಹೋಗಿ ಎರಡು ಗಂಟೆ ನೆಮ್ಮದಿಯಾಗಿ ಕೂತರು.

ಮೂರನೆಯ ದಿನ ಬಿಲ್ಲು ಬಂತು. ಒಂದು ಲಕ್ಷದ ಎಂಬತ್ತೆರಡು ಸಾವಿರ. ಬೇರೆ ಯಾರದೋ ಇರಬೇಕೆಂದು ವಾಪಸ್ಸು ಕೊಟ್ಟೆ. ಆ ಹುಡುಗಿ ಮತ್ತೆ ನನ್ನ ಕೈಗೇ ಇಟ್ಟಳು.

"ಕಾರ್ಡಿದೆಯಲ್ಲಮ್ಮ?"

"ಅದು ಜನರಲ್ ವಾರ್ಡಿಗೆ ಮಾತ್ರ ಸಾರ್. ಸ್ಪೆಷಲ್ ರೂಮಿಗೆ ಹೋದ್ರೆ ಅನುಮತೀನೇ ಕ್ಯಾನ್ಸಲ್, ಆಪರೇಷನ್ ಖರ್ಚೆಲ್ಲ ನಿಮ್ದೇ. ನೀವೇ ಸೈನ್ ಮಾಡಿದ್ದೀರಲ್ಲ?"

ಮಾಡಿದ್ದೆ. ನನ್ನ ಸಹಿ ದುಂಡಗೆ, ಸ್ಪಷ್ಟವಾಗಿ, ಯಾರೂ ಅಲ್ಲಗಳೆಯಲಾಗದಂತೆ ಕೂತಿತ್ತು.

ನಾನು ಕೊಡುತ್ತೇನೆಂದರೂ ಭಾವ ಕೇಳಲಿಲ್ಲ. ಅವರ ನಿವೃತ್ತಿಯ ದುಡ್ಡು ಬ್ಯಾಂಕಿನಿಂದ ಬಂತು, ಕೌಂಟರಿಗೆ ಹೋಯಿತು. ಎಡಗಾಲಿಗೆ ಉಳಿದದ್ದು ಏನೂ ಇಲ್ಲ. "ನಡೀರಿ ಮೇಷ್ಟ್ರೆ," ಎಂದು ಭಾವ ನಕ್ಕರು, "ಬಲ್ಗಾಲು ಮುಂದ್ಕೋದ್ರೆ ಎಡ್ಗಾಲು ಎಲ್ಲೋದಾದು? ಇಂದ್ಗುಂಟ ಬತ್ತದೆ." ಅಕ್ಕ ನಗಲಿಲ್ಲ. ಕಾರು ಮಳವಳ್ಳಿ ಮುಟ್ಟಿದ ಮೇಲೆ, ಇಳಿಯುವಾಗ ಒಂದು ಮಾತು ಹೇಳಿದಳು: "ಓದ್ದೋನು ಅಂತ ನಿನ್ನ ಕರ್ಕಂಡೋದೆ ಕಣೋ."

ಈಗ ನಾನು ಬಸ್ ಟಿಕೆಟ್ಟಿನ ಹಿಂಭಾಗವನ್ನೂ ಓದುತ್ತೇನೆ. ಕಂಡಕ್ಟರುಗಳು ನಗುತ್ತಾರೆ. ಭಾವ ಅಂಗಳದ ತನಕ ಬರುತ್ತಾರೆ, ಗೋಡೆ ಹಿಡಿದು ನಿಲ್ಲುತ್ತಾರೆ, ಏರಿಯ ಕಡೆ ನೋಡುತ್ತಾರೆ. ಹೊಸ ಅನುಮತಿಗೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ಎಡಮಂಡಿಯ ಆಪರೇಷನ್ ಆಗಿಲ್ಲ.