ಬೀಗರು ಬರುವ ತನಕ

ದುರ್ಗಮ್ಮ ಸಿಸ್ಟರ್ ಬಾಯಿ ಜೋರು ಅಂತ ಶಿಕಾರಿಪುರದಲ್ಲಿ ಹೇಳದವರಿಲ್ಲ. ಅವರ ಕೈಯಲ್ಲಿ ಹೆತ್ತು ಹೋದವರೇ ಹೇಳುತ್ತಾರೆ, ಅದಕ್ಕೇ ನನಗೆ ಮೈ ಉರಿಯುವುದು. ನಾನು ಸುನಿತಾ. ಬಸ್ ಸ್ಟ್ಯಾಂಡ್ ಹಿಂದಿನ ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ಅವರ ಕೈಕೆಳಗೆ ಕೆಲಸ ಕಲಿತವಳು. ಬೈಸಿಕೊಳ್ಳದ ದಿನವಿಲ್ಲ.

ಸೊರಬದ ಕಡೆಯ ರೈತನ ಮಗಳು ಅವರು. ಕಂಡವರ ರಕ್ತ ತೊಳೆಯುವ ಕೆಲಸ ಯಾಕೆ ಅಂದ ಅಪ್ಪನಿಗೂ, ಮದುವೆಯಾದ ಮೇಲೆ ಡ್ಯೂಟಿ ಬಿಡು ಅಂದ ಅತ್ತೆಗೂ ಸೊಪ್ಪು ಹಾಕಲಿಲ್ಲ. ನೋವು ತಿನ್ನುತ್ತ ಬಂದವಳ ಜೊತೆ ಹತ್ತು ಜನ ನುಗ್ಗಿ, ಬೆಡ್ ಎಲ್ಲಿ, ಫ್ಯಾನ್ ಯಾಕೆ ತಿರುಗುತ್ತಿಲ್ಲ ಅಂತ ಗಲಾಟೆ ಮಾಡುತ್ತಿದ್ದರೆ, ಇವರು ಯಾರಿಗೂ ಉತ್ತರ ಕೊಡದೆ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ಎದೆಬಡಿತ ಕೇಳುತ್ತ ನಿಲ್ಲುತ್ತಾರೆ. "ಮೊದ್ಲು ಒಳಗಿರೋ ಕೂಸು, ಅದರ ತಾಯಿ. ಹೊರಗಿನ ಹಿರೇರು ಆಮೇಲೆ" ಅನ್ನುತ್ತಾರೆ. ಹಿರಿಯರಿಗೆ ಇದು ಹೇಗೆ ಹಿಡಿಸೀತು?

ಹೋದ ವರ್ಷ ಲೋಕಮ್ಮ ತಮ್ಮ ಮಗಳು ಚೈತ್ರಳನ್ನು ಕರೆತಂದರು. ಚೊಚ್ಚಲ ಹೆರಿಗೆ. ಗಂಡನ ಮನೆ ಸೊರಬದಾಚೆ ಜಡೆ ಅನ್ನುವ ಊರಲ್ಲಿ, ತವರು ಇಲ್ಲೇ. ಚೊಚ್ಚಲು ತವರಿನಲ್ಲೇ ಆಗಬೇಕಲ್ಲ, ಹೆಚ್ಚುಕಡಿಮೆಯಾದರೆ ಮಾತು ಬರುವುದೂ ತವರಿಗೇ. ಲೋಕಮ್ಮನ ಮುಖದಲ್ಲಿ ಮಗಳ ಚಿಂತೆಗಿಂತ ಆ ಮಾತಿನ ಹೆದರಿಕೆಯೇ ಹೆಚ್ಚಿತ್ತು ಅಂತ ನನಗೆ ಕಂಡಿತು. ನಾನು ಕೆಟ್ಟವಳು ಅಂದುಕೊಂಡರೂ ಸರಿ.

ಬೆಳಿಗ್ಗೆಯೆಲ್ಲ ಚೆನ್ನಾಗಿತ್ತು. ಮಧ್ಯಾಹ್ನ ನೀರು ಒಡೆದಾಗ ಹಸಿರಾಗಿ ಬಂತು, ಅಂದರೆ ಕೂಸು ಒಳಗೇ ಕಕ್ಕ ಮಾಡಿಕೊಂಡಿತ್ತು. ಎದೆಬಡಿತವೂ ಇಳಿಯತೊಡಗಿತು. ದುರ್ಗಮ್ಮ ಸಿಸ್ಟರ್ ಚೈತ್ರಳನ್ನು ಎಡಮಗ್ಗುಲಿಗೆ ತಿರುಗಿಸಿ, ಆಕ್ಸಿಜನ್ ಹಾಕಿ, ಡ್ರಿಪ್ ಏರಿಸಿ, ಡಾಕ್ಟರನ್ನು ಕೂಗಿದರು. ಡಾಕ್ಟರು ನೋಡಿ, ತಕ್ಷಣ ಆಪರೇಷನ್ ಆಗಬೇಕು, ಮನೆಯವರ ಒಪ್ಪಿಗೆ ತಗೊಳ್ಳಿ ಅಂದರು.

"ಬೀಗರು ಬರ್ಲಿ ಸಿಸ್ಟರ್," ಅಂದರು ಲೋಕಮ್ಮ. "ಅವರ ಮನೆ ಸೊಸೆ. ನಾವು ಹೆಂಗೆ ಕೊಯ್ರಿ ಅನ್ನೋದು? ಫೋನ್ ಮಾಡೀನಿ, ಹೊರಟಾರೆ."

"ಆಪರೇಷನ್ ಅಂತ ಹೇಳೀರೇನ್ರೀ?"

"ಛೇ ಛೇ, ದಾರಿಯಾಗಿರೋರಿಗೆ ಅಂಥಾ ಅಶುಭದ ಮಾತು ಆಡ್ತಾರೇನ್ರೀ? ಬನ್ನಿ ಅಂದೀನಿ, ಅಷ್ಟೇ."

"ಫೋನ್ ಕೊಡ್ರಿ ಇಲ್ಲಿ, ನಾನೇ ಹೇಳ್ತೀನಿ."

"ಬ್ಯಾಡ್ರೀ, ನಿಮ್ಮ ದಮ್ಮಯ್ಯ!" ಲೋಕಮ್ಮ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಸಿಸ್ಟರ್ ಎರಡನೇ ಸಲ ಕೈ ಚಾಚಿದಾಗ ಹಿಂದಕ್ಕೆ ಸರಿದು ನಿಂತರು.

ಸಿಸ್ಟರ್ ಒಳಗೆ ಬಂದು ಚೈತ್ರಳ ಕೆನ್ನೆ ಹಿಡಿದರು. "ನೋಡು ತಾಯಿ, ನಿನ್ನ ಹೊಟ್ಟೆ, ನಿನ್ನ ಕೂಸು. ನೀನು ಹೂಂ ಅಂದ್ರೆ ಸಾಕು, ಯಾರೂ ಬೇಕಿಲ್ಲ. ಹೂಂ ಅನ್ನು."

ಚೈತ್ರ ಡಿಗ್ರಿ ಓದಿದ ಹುಡುಗಿ. ಆದರೂ ಅವಳ ಕಣ್ಣು ಬಾಗಿಲಲ್ಲಿ ನಿಂತ ಅಮ್ಮನ ಕಡೆಗೇ ಹೋಯಿತು. ಲೋಕಮ್ಮ ಬೇಡವೆಂದು ತಲೆ ಆಡಿಸಿದರು. "ಅವರು ಬರ್ಲಿ ಸಿಸ್ಟರ್," ಅಂದಳು ಚೈತ್ರ.

ಎಂಥ ಸಂಕಟ ಅದು! ಮಾನಿಟರ್‌ನಲ್ಲಿ ಬಡಿತ ಇಳಿಯುವುದು ನಮಗೆಲ್ಲ ಕೇಳಿಸುತ್ತಿತ್ತು. ಸಿಸ್ಟರ್ ಬೈದರು, ಬೇಡಿಕೊಂಡರು, ಕೊನೆಗೆ ಕೈ ಮುಗಿದರು. ಅವರು ಯಾರಿಗಾದರೂ ಕೈ ಮುಗಿದದ್ದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ನೋವು ತಡೆಯಲಾರದೆ ಚೈತ್ರಳೇ "ಏನಾದ್ರೂ ಮಾಡ್ರೀ, ಹೂಂ" ಅಂತ ಕಿರುಚಿದಾಗ, ಲೋಕಮ್ಮನನ್ನು ಪಕ್ಕಕ್ಕೆ ತಳ್ಳಿ ಸ್ಟ್ರೆಚರನ್ನು ಆಪರೇಷನ್ ಥಿಯೇಟರಿಗೆ ಎಳೆದುಕೊಂಡು ಹೋದೆವು.

ಹೆಣ್ಣು ಕೂಸು. ಸಿಸ್ಟರ್ ಅದರ ಮೂಗು ಬಾಯಿ ಶುಚಿ ಮಾಡಿ, ಮೈ ಉಜ್ಜಿ, ಉಸಿರು ಕೊಡುತ್ತಲೇ ಇದ್ದರು. ಡಾಕ್ಟರು ಸಾಕು ಅಂದ ಮೇಲೂ ಬಿಡಲಿಲ್ಲ. ಕೂಸು ಅಳಲೇ ಇಲ್ಲ.

ಬೀಗರು ಬಂದರು. ಚೈತ್ರಳ ಮಾವ ವೀರಬಸಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ಗಂಡ ನಾಗೇಶನ ಕೈಯಲ್ಲಿ ಪೇಡೆ ಡಬ್ಬಿ. ಒಳ್ಳೇ ಸುದ್ದಿಗೇ ಕರೆದಿದ್ದಾರೆಂದು ಸೊರಬದಲ್ಲಿ ಕಾರು ನಿಲ್ಲಿಸಿ, ಹಣ್ಣು ಹೂವು ಕೊಂಡು, ಟೀ ಕುಡಿದು ನಿಧಾನಕ್ಕೆ ಬಂದಿದ್ದರು. ವಿಷಯ ತಿಳಿದು ವೀರಬಸಪ್ಪ ಲೋಕಮ್ಮನ ಎದುರು ಬಂದು ನಿಂತರು.

"ಅಲ್ರೀ ಲೋಕಮ್ಮ, ಫೋನಲ್ಲೇ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನಾನು ಬೇಡ ಅಂತಿದ್ನಾ? ಅಷ್ಟು ಕಟುಕನಾ ನಾನು?"

ಲೋಕಮ್ಮ ಅತ್ತ ಇತ್ತ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ನೀವಾದ್ರೂ ಗಟ್ಟಿಯಾಗಿ ಹೇಳ್ಬಾರ್ದಿತ್ತಾ ಸಿಸ್ಟರ್? ಓದಿದೋರು ನೀವು" ಅಂದರು.

ತಿರುಗಿ ಅನ್ನಲು ನಾನು ಬಾಯಿ ತೆರೆದೆ. ದುರ್ಗಮ್ಮ ಸಿಸ್ಟರ್ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. "ಒಳಗೆ ಹುಡುಗಿಗೆ ರಕ್ತ ಹೋಗ್ತೈತಾ ನೋಡು ಮೊದ್ಲು," ಅಂದರು.

ಮೂರನೇ ದಿನ ಚೈತ್ರಳಿಗೆ ಹಾಲು ಇಳಿಯಿತು. ಕುಡಿಯುವವರಿಲ್ಲದೆ ಎದೆ ಕಲ್ಲಿನಂತಾಗಿತ್ತು. ಸಿಸ್ಟರ್ ತಣ್ಣೀರಿನ ಬಟ್ಟೆ ಹಿಂಡಿ ಹಿಂಡಿ ಇಡುತ್ತಿದ್ದರು.

"ನೀವು ಕೇಳಿದಾಗ್ಲೇ ನಾನು ಹೂಂ ಅಂದಿದ್ರೆ?" ಅಂದಳು ಚೈತ್ರ.

ಸುಳ್ಳು ಹೇಳಿ ಸಿಸ್ಟರ್, ದೇವರಿಚ್ಛೆ ಅನ್ನಿ, ಏನಾದರೂ ಅನ್ನಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಉಳೀತಿತ್ತು ಮಗಾ," ಅಂದರು ಸಿಸ್ಟರ್. "ಮುಂದಿನ ಸಲ ಯಾರ ಮುಖಾನೂ ನೋಡ್ಬೇಡ."

ಆ ಮಾತಿಗಾಗಿ ನಾನು ಇವತ್ತಿಗೂ ಅವರ ಮೇಲೆ ಸಿಟ್ಟಾಗಿದ್ದೇನೆ. ಅದು ಸುಳ್ಳಲ್ಲ ಅನ್ನುವುದಕ್ಕೇ ಸಿಟ್ಟು. ಚೈತ್ರ ಗೋಡೆಯ ಕಡೆ ತಿರುಗಿ ಅಳತೊಡಗಿದಳು. ಹೊರಗೆ ಲೋಕಮ್ಮ, ನೋಡಲು ಬಂದ ಬೀಗರನ್ನು ಊಟಕ್ಕೆ ಏನು ಮಾಡಲಿ ಅಂತ ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು.