ಸವದತ್ತಿಯಲ್ಲಿ ನಿಂತ ನೋವು

ರಾಮದುರ್ಗದಿಂದ ಸವದತ್ತಿ ಮೇಲೆ ಬೈಲಹೊಂಗಲಕ್ಕೆ ಹೋಗುವ ಬಸ್ಸು. ಕಿಟಕಿಯ ಕಡೆ ಅಜ್ಜಿ. ಅವಳ ತೊಡೆಯ ಮೇಲೆ ತಲೆಯಿಟ್ಟು, ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ ನನ್ನ ತಂಗಿ. ಅವಳ ಪಾದ ಹಿಡಿದು ಕುಳಿತ ಅವ್ವ. ಮುಂದಿನ ಸೀಟಿನಲ್ಲಿ ಅಪ್ಪ ಮತ್ತು ನಾನು. ಎಲ್ಲರಿಗಿಂತ ಸಣ್ಣ ತಮ್ಮನನ್ನು ನಮ್ಮೂರು ಸುರೇಬಾನದಲ್ಲಿ, ನೆರೆಮನೆಯಲ್ಲಿ ಬಿಟ್ಟು ಬಂದಿದ್ದೆವು. ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾನು ಆಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದ್ದೆ, ತಂಗಿ ಇನ್ನೂ ಕನ್ನಡ ಸಾಲಿಯಲ್ಲಿದ್ದಳು.

ನಮ್ಮದು ಪೂಜೆ, ಪಂಚಾಂಗದ ಮನೆ. ನನಗೆ ಬರುವ ಮಾತೆಲ್ಲ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಲಿತದ್ದು. ಬರೀ ಹೊಟ್ಟೆನೋವಿಗೇ ಅವಳ ಬಾಯಲ್ಲಿ ಎಷ್ಟು ಹೆಸರು! ಮುರಿತ ಬೇರೆ, ಕಡಿತ ಬೇರೆ, ಉಬ್ಬರ ಬೇರೆ, ಶೂಲಿ ಬೇರೆ. ಒಂದೊಂದಕ್ಕೆ ಒಂದೊಂದು ಮದ್ದು. ತಂಗಿಯ ಹೊಕ್ಕಳ ಸುತ್ತ ನೋವು ಎದ್ದಾಗ, "ಕುಣಿದಾಡಿ ಹೊಕ್ಕಳ ಸರಿಸಿಕೊಂಡಾಳ ಹುಚ್ಚಿ" ಎಂದು ಎಣ್ಣೆ ಹಚ್ಚಿ ತಿಕ್ಕಿದಳು. ಹೊಟ್ಟೆಯ ಮೇಲೆ ಸಣ್ಣ ದೀಪವಿಟ್ಟು ತಂಬಿಗೆ ಬೋರಲು ಹಾಕಿದಳು. ಅದಕ್ಕೂ ಬಗ್ಗದಿದ್ದಾಗ ಭೇದಿಯಾಗಲೆಂದು ಔಡಲೆಣ್ಣೆ ಕುಡಿಸಿದಳು. ಮರುದಿನ ನೋವು ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ಬೇರು ಬಿಟ್ಟಿತು. ಕಾಲು ನೀಡಿದರೆ ಹುಡುಗಿ ಚೀರುತ್ತಿದ್ದಳು.

ರಾಮದುರ್ಗದ ಡಾಕ್ಟರು ಅಲ್ಲಿ ಮೆಲ್ಲಗೆ ಒತ್ತಿ ಕೈ ತೆಗೆದರು. ಅವಳ ಕೂಗು ಬೀದಿಗೆ ಕೇಳಿಸಿತು.

"ಔಡಲೆಣ್ಣಿ ಕೊಟ್ಟೀರೇನ್ರಿ?"

"ಹೌದ್ರಿ," ಎಂದ ಅಪ್ಪ.

"ಕೊಡಬಾರದಿತ್ರಿ. ಇದು ಅಪೆಂಡಿಕ್ಸ್ ಇರಬೇಕು. ಕೊಯ್ದು ತಗೀಬೇಕಾಗತೈತಿ, ಇಲ್ಲಿ ಆಗೂದಿಲ್ಲ. ಸೀದಾ ಬೈಲಹೊಂಗಲಕ್ಕ ನಡೀರಿ. ನಡುವ ಎಲ್ಲೂ ಇಳೀಬ್ಯಾಡ್ರಿ."

ಅಜ್ಜಿಯ ಹೆಸರುಗಳ ಪೈಕಿ ಇದು ಇರಲಿಲ್ಲ.

ರಸ್ತೆಯ ಒಂದೊಂದು ಕುಣಿಗೂ ತಂಗಿ ನರಳುತ್ತಿದ್ದಳು. ಹಿಂದೆ ಕುಳಿತ ಮುದುಕಿಯೊಬ್ಬಳಿಗೆ ತಡೆಯಲಾಗಲಿಲ್ಲ. "ಏ ಡ್ರೈವರಾ, ಬಸ್ ಹೊಡಿಯಾಕತ್ತೀಯೋ, ಖಡಿ ಒಡಿಯಾಕತ್ತೀಯೋ?"

"ರಸ್ತಾ ಮಾಡಿದಾಂವನ್ನ ಕೇಳಬೇ ಯಮ್ಮಾ!" ಎಂದ ಅವನು. ಅಂದರೂ ಬಸ್ಸನ್ನು ನಿಧಾನ ಮಾಡಿದ.

ಅಜ್ಜಿ ದಾರಿಯುದ್ದಕ್ಕೂ ಮನೆದೇವರಿಗೆ ಮೊರೆಯಿಡುತ್ತಲೇ ಇದ್ದಳು. "ಯಲ್ಲವ್ವಾ, ಕೂಸಿನ ನೋವು ತಗೀ. ನಿನ್ನ ಉಡಿ ತುಂಬತೀನಿ." ಯಲ್ಲವ್ವನ ಗುಡಿಯಿರುವ ಸವದತ್ತಿಯ ಗುಡ್ಡ ಕಣ್ಣಿಗೆ ಬಿತ್ತು. ಆಗ ತಂಗಿಯ ನರಳಾಟ ಫಕ್ಕನೆ ನಿಂತಿತು. ಮೆಲ್ಲಗೆ ಕಾಲು ನೀಡಿದಳು.

"ಅಜ್ಜಿ, ನೋವು ಹೋತು. ನೀರು ಕೊಡು."

ಅಜ್ಜಿ ಗಳಗಳ ಅತ್ತಳು. ಅಪ್ಪ ಕೈಮುಗಿದ. ನನ್ನ ಎದೆಯ ಮೇಲಿನ ಕಲ್ಲೂ ಇಳಿದಂತಾಯಿತು. ಸವದತ್ತಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತದ್ದೇ ಅಜ್ಜಿ ಎದ್ದಳು. "ಇಳೀರಿ. ಹರಕಿ ಹೊತ್ತು, ಆಕಿ ಕಣ್ಣು ತೆರೆದ ಮ್ಯಾಲ, ಬಾಗಲಾ ದಾಟಿ ಹಂಗ ಹೋಗಬಾರದು."

"ನಡುವ ಇಳೀಬ್ಯಾಡ್ರಿ ಅಂದಾರಲ್ರಿ ಅತ್ತೀ, ಡಾಕ್ಟರು..." ಎಂದಳು ಅವ್ವ, ತಂಗಿಯ ಪಾದ ಬಿಡದೆ.

"ಯಲ್ಲವ್ವನಕಿಂತ ಡಾಕ್ಟರು ದೊಡ್ಡಾಂವೇನ ನಿನಗ? ಕೂಸು ನಗಲಿಕ್ಕೆ ಹತ್ತೇದ, ಕಣ್ಣಿಲ್ಲೇನು?"

ಕಂಡಕ್ಟರ್ ಬಾಗಿಲು ಬಡಿದ. "ಇಳೀತೀರೋ, ಹೋಗೂಣೋ, ಗುರುಗಳ?"

ಅಪ್ಪ ಅವ್ವನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಇಳಿದೆವು.

ಗುಡ್ಡದಲ್ಲಿ ಉಡಿ ತುಂಬಿದ್ದಾಯಿತು. ಕುಂಕುಮ ಹಚ್ಚಲು ಹೋದ ಅವ್ವ, ತಂಗಿಯ ಹಣೆ ಮುಟ್ಟಿ ಕೈ ಹಿಂದೆಳೆದಳು. ಕಾದ ಹಂಚು. ನೋಡನೋಡುತ್ತ ಹುಡುಗಿಯ ಮುಖ ಬೂದಿಯಾಯಿತು, ಹಲ್ಲು ಕಟಕಟ ಎಂದವು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಕೆಳಗೆ ಸ್ಟ್ಯಾಂಡಿಗೆ ಹೊತ್ತು ತಂದರೆ ಬೈಲಹೊಂಗಲದ ಬಸ್ಸಿಲ್ಲ. ಎಂದೂ ಯಾರಿಗೂ ಬಾಗದ ಅಪ್ಪ, ಹಾದುಹೋಗುವ ಒಂದೊಂದು ಲಾರಿಗೂ ಅಡ್ಡ ನಿಂತು ಕೈಮುಗಿದ. ಕೊನೆಗೆ ಹತ್ತಿಯ ಲಾರಿಯವನೊಬ್ಬ ಜಾಗ ಕೊಟ್ಟ. ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಅವಳನ್ನು ಮಲಗಿಸಿಕೊಂಡು ಹೋದೆವು. ಅಜ್ಜಿ ಈಗ ಯಾವ ದೇವರ ಹೆಸರನ್ನೂ ಎತ್ತಲಿಲ್ಲ.

ಬೈಲಹೊಂಗಲದ ಸರ್ಜನ್ ಹೊಟ್ಟೆ ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು. "ನೋವು ನಡುವ ಒಮ್ಮೆ ನಿಂತಿತ್ತೇನು?"

"ಸವದತ್ತಿ ಹತ್ರ," ಎಂದ ಅಪ್ಪ.

"ಆಗ ಒಡದದ ಅದು. ಆರಾಮಾಗಿ ನಿಂತದ್ದಲ್ಲ ಆ ನೋವು. ಈಗ ಕೀವು ಹೊಟ್ಟಿ ತುಂಬ ಹರದದ."

"ಒಡದದ್ದು ಏನ್ರಿ ಅದು?" ಅಪ್ಪ ಕೇಳಿದ.

"ದೊಡ್ಡ ಕರುಳಿನ ಬುಡಕ್ಕ ಕಿರಿಬೆರಳಿನಂಥಾದ್ದು ಒಂದು ಇರ್ತದ. ಅಪೆಂಡಿಕ್ಸ್ ಅಂತೀವಿ. ಪುಸ್ತಕದಾಗ ಆಂತ್ರಪುಚ್ಛ ಅಂತ ಬರೀತಾರ." ಅಷ್ಟು ಹೇಳಿ ಅವರು ಒಳಗೆ ಹೋದರು.

ಅಪ್ಪ ಸಂಸ್ಕೃತ ಅರೆದು ಕುಡಿದವನು. ಎಂಥ ಸಮಾಸವನ್ನೂ ಊಟದ ಎಲೆಯ ಮುಂದೆ ಬಿಡಿಸಿ ನಮಗೆ ಹೇಳುತ್ತಿದ್ದ. ಆಪರೇಶನ್ ಕೋಣೆಯ ಬಾಗಿಲಲ್ಲಿ ನಿಂತು ಆ ಒಂದು ಶಬ್ದವನ್ನೇ ಬಾಯಲ್ಲಿ ಹೊರಳಿಸತೊಡಗಿದ. "ಆಂತ್ರ ಅಂದ್ರ ಕರುಳು. ಪುಚ್ಛ ಅಂದ್ರ ಬಾಲ. ಕರುಳಿನ ಬಾಲ. ಇಷ್ಟ ನೋಡು ಅದು."

ಅವ್ವ ಮದುವೆಯಾಗಿ ಬಂದಮೇಲೆ ಮೊದಲ ಸಲ, ಅತ್ತೆಯ ಎದುರಿಗೇ, ಅವನಿಗೆ ತಿರುಗಿ ಮಾತಾಡಿದಳು. "ಹೆಸರು ತಗೊಂಡು ನಾ ಏನು ಮಾಡ್ಲಿ?"

ಹೊಟ್ಟೆ ಕೊಯ್ದು, ತೊಳೆದು, ಕೀವು ಹೊರಗೆ ಹರಿಯಲೆಂದು ನಳಿಗೆ ಹಾಕಿದರು. ಜ್ವರ ಇಳಿಯಲಿಲ್ಲ. ಎಚ್ಚರಾದಾಗಲೆಲ್ಲ ತಂಗಿ ನೀರು ಕೇಳುತ್ತಿದ್ದಳು, ಕೊಡುವಂತಿರಲಿಲ್ಲ. ಅಜ್ಜಿ ಹಸಿ ಬಟ್ಟೆಯಿಂದ ಅವಳ ತುಟಿ ಒರೆಸುತ್ತ ಕೂತಿದ್ದಳು. ಆ ವಾರ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ತಂಗಿ ತೀರಿಕೊಂಡಳು.

ಮುಂದೆ ಬಂದ ಚಳಿಗಾಲದಲ್ಲಿ ಸಣ್ಣ ತಮ್ಮ ಹೊಟ್ಟೆನೋವೆಂದು ಅತ್ತ. ಅಜ್ಜಿ ದೇವರ ಕೋಣೆಯಲ್ಲಿದ್ದಳು, ಅಪ್ಪ ಪಡಸಾಲೆಯಲ್ಲಿದ್ದ. ಅವ್ವ ಯಾರನ್ನೂ ಕೇಳಲಿಲ್ಲ. ಉಟ್ಟ ಸೀರೆಯಲ್ಲೇ ಅವನನ್ನು ಎತ್ತಿಕೊಂಡು ರಾಮದುರ್ಗದ ಬಸ್ಸು ಹತ್ತಿದಳು. ಹುಡುಗ ಬಾರಿಹಣ್ಣು ಹೆಚ್ಚಾಗಿ ತಿಂದಿದ್ದನಂತೆ. ಸಂಜೆಯ ಬಸ್ಸಿಗೆ ಇಬ್ಬರೂ ತಿರುಗಿ ಬಂದರು.