ಅರ್ಧ ಗಂಟೆಗೆ ನಿಂತ ಕ್ಯಾಮೆರಾ

ಅಕ್ಕನ ಗಂಟಲಿನ ಆಪರೇಷನ್ನಿಗೆ ಹತ್ತು ದಿನ ಮೊದಲು ಕೊಡಿಯಾಲ್‌ಬೈಲಿನ ಸಭಾಭವನವೊಂದರಲ್ಲಿ ಅವಳ ಸಂಗೀತ ಕಛೇರಿ ಇತ್ತು. ಆಪರೇಷನ್ ಆದಮೇಲೆ ಸ್ವರ ಮೊದಲಿನಂತೆ ಇರುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ಅದಕ್ಕೇ ಇಡೀ ಹಾಡುಗಾರಿಕೆಯನ್ನು ಚಿತ್ರೀಕರಿಸಲು ಹೊರಟವನು ನಾನು. ನೆನಪಾದರೆ ಇಂದಿಗೂ ಮೈ ಉರಿಯುತ್ತದೆ.

ವಿಡಿಯೋಕ್ಕೆಂದೇ ಇರುವ ಕ್ಯಾಮ್‌ಕಾರ್ಡರ್ ತರಲು ಹೇಳಿದ್ದೆ. ಅಕ್ಕನ ಗಂಡ, ನನ್ನ ಬಾವ, ದುಬೈಯ ಕ್ಯಾಮೆರಾ ಅಂಗಡಿಯಲ್ಲೇ ನಿಂತು ಫೋನ್ ಮಾಡಿದರು. "ಕ್ಯಾಮ್‌ಕಾರ್ಡರ್ ಎಂತಕ್ಕೆ ಮಾರಾಯ? ಮದುವೆ ವಿಡಿಯೋದವರ ಹಾಗೆ ಕಾಣ್ತದೆ. ಕಾಂಪ್ಯಾಕ್ಟ್ ಕ್ಯಾಮೆರಾ ತರ್ತೇನೆ. ಕಿಸೆಯಲ್ಲಿ ಹಿಡೀತದೆ, ಫೋಟೋವೂ ಬರ್ತದೆ."

ನಮ್ಮ ಬೀದಿಯ ಸ್ಟುಡಿಯೋದವರು ಮೊದಲೇ ಹೇಳಿದ್ದರು: "ಕಛೇರಿಗೆ ಕ್ಯಾಮ್‌ಕಾರ್ಡರೇ ಆಗ್ಬೇಕು. ಒಮ್ಮೆ ಇಟ್ರೆ ಗಂಟೆಗಟ್ಟಲೆ ಓಡ್ತದೆ." ಆದರೆ ಮುಂದಿನ ಸಾಲಿನಲ್ಲಿ ವಿಡಿಯೋದವನಂತೆ ಕೂರಲು ನನಗೂ ನಾಚಿಕೆ. "ಚಿಕ್ಕದೇ ತನ್ನಿ" ಎಂದೆ.

ಬಾವ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದದ್ದು ಕಛೇರಿಯ ದಿನವೇ ಬೆಳಿಗ್ಗೆ. ಡಬ್ಬದೊಳಗಿನ ಪುಸ್ತಕ ಓದಲು ಯಾರಿಗೆ ಪುರುಸೊತ್ತು?

ನಮ್ಮೂರಿನಲ್ಲಿ ಹಾಡುವವರು ಬಾಯಿ ತೆರೆಯುವ ಮೊದಲು ಸಭಾ ಕಾರ್ಯಕ್ರಮ ಆಗಲೇಬೇಕಲ್ಲ! ದೀಪ, ಸ್ವಾಗತ, ಶಾಲು, ಹಣ್ಣಿನ ಬುಟ್ಟಿ. "ಸನ್ಮಾನ ಬಿಡ್ಬೇಡ, ಈಗಲೇ ಆನ್ ಮಾಡು" ಎಂದರು ಬಾವ. ಮಾಡಿದೆ. ಪರದೆಯ ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯದಿರಲೆಂದು ಅದರ ಮೇಲೆ ಕರವಸ್ತ್ರವನ್ನೂ ಹೊದಿಸಿದೆ, ಮಹಾ ಸಭ್ಯಸ್ಥ. ಮೈಕ್ ಸಿಕ್ಕಿದ್ದೇ ತಡ, ಮುಖ್ಯ ಅತಿಥಿ ತಮ್ಮ ಬಾಲ್ಯದಿಂದ ಶುರುಮಾಡಿದರು. ಸಂಗೀತ ತಮಗೆ ಗೊತ್ತಿಲ್ಲವೆಂದು ಹೇಳಲು ಆ ಮನುಷ್ಯನಿಗೆ ಇಪ್ಪತ್ತು ನಿಮಿಷ ಬೇಕಾಯಿತು.

ಆಮೇಲೆ ಅಕ್ಕ ಎರಡು ಗಂಟೆ ಹಾಡಿದಳು. ಕಲ್ಯಾಣಿ ರಾಗದ ಆಲಾಪನೆಗೆ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಮಾತ್ರ ಕ್ಯಾಮೆರಾ ಅಲುಗದಂತೆ ಅದನ್ನೇ ಕಾಯುತ್ತಿದ್ದೆ.

ಕರವಸ್ತ್ರ ತೆಗೆದಾಗ ಪರದೆ ಕಪ್ಪಗಿತ್ತು. ಅರ್ಧ ಗಂಟೆಗೆ ತಾನಾಗಿ ನಿಲ್ಲುವುದು ಆ ಕ್ಯಾಮೆರಾದ ಕ್ರಮವಂತೆ. ಪುಸ್ತಕದಲ್ಲಿ ಬರೆದೇ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು. ಒಳಗೆ ಇದ್ದದ್ದು ಸನ್ಮಾನ, ಭಾಷಣ, ಅಕ್ಕ ಮೊದಲಿಗೆ ಹಾಡಿದ ವರ್ಣದ ಕೆಲವು ಸಾಲು.

"ನಂಗೆ ಹೇಗೆ ಗೊತ್ತಾಗ್ಬೇಕು?" ಎಂದರು ಬಾವ. ಅವರ ಮೇಲೆ ಹರಿಹಾಯ್ದೆ. ನಿಜವಾದ ಸಿಟ್ಟು ನನ್ನ ಮೇಲೆಯೇ ಇತ್ತು.

ಆಪರೇಷನ್ ಸರಿಯಾಗಿಯೇ ಆಯಿತು. ಆದರೆ ಅಕ್ಕನ ದನಿ ಈಗ ಮೇಲಿನ ಷಡ್ಜಕ್ಕೆ ಏರುವುದಿಲ್ಲ. ವರ್ಣದ ಆ ಕೆಲವು ಸಾಲಿಗಾಗಿ ವಿಡಿಯೋ ಹಾಕಿ, ಕೇಳಿ ಕೇಳಿ ಆ ಅತಿಥಿಯ ಭಾಷಣ ನನಗೆ ಬಾಯಿಪಾಠವಾಗಿದೆ.

"ವಿಡಿಯೋ ಹೋಗ್ಲಿ. ಅವತ್ತು ಕಲ್ಯಾಣಿ ಹೇಗೆ ಹಾಡಿದ್ದೆ ಅಂತ ನಿಂಗಾದ್ರೂ ನೆನಪುಂಟಾ?" ಎಂದು ಅಕ್ಕ ಮೊನ್ನೆ ಕೇಳಿದಳು.

ನೆನಪಿರುವುದು ಆ ಕರವಸ್ತ್ರ ಮಾತ್ರ.